ದೊಡ್ಡ ಲಾ ಫರ್ಮ್‌ನಿಂದ ಪಾರ್ಟ್‌ನರ್ ಆಗಿ ಬನ್ನಿ ಅಂತ ಕರೆ ಬಂದಿದೆ. ನನ್ನ ಜೊತೆಗಿರುವ ಐದು ಜನ ಏನು ಮಾಡಬೇಕು?

ಬಸವನಗುಡಿ ವಕೀಲೆ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ. ಆದರೂ ಪೂರ್ತಿ ಓದಿ ಹೇಳಿ.

ನಾನು ವಕೀಲಿ ಶುರು ಮಾಡಿ 17 ವರ್ಷ ಆಯಿತು. ಮೊದಲ ನಾಲ್ಕು ವರ್ಷ ಸಿಟಿ ಸಿವಿಲ್ ಕೋರ್ಟಿನಲ್ಲಿ ಸೀನಿಯರ್ ಒಬ್ಬರ ಕೈಕೆಳಗೆ ಕಲಿತೆ. ಆಮೇಲೆ ಕಂಪನಿಗಳ ಕೆಲಸಕ್ಕೆ ಬಂದೆ. ಈಗ ರೆಸಿಡೆನ್ಸಿ ರಸ್ತೆ ಹತ್ತಿರದ ಒಂದು ಮಧ್ಯಮ ಗಾತ್ರದ ಫರ್ಮ್‌ನಲ್ಲಿ ಪಾರ್ಟ್‌ನರ್. ಒಟ್ಟು ಒಂಬತ್ತು ಜನ ಪಾರ್ಟ್‌ನರ್‌ಗಳಿದ್ದೇವೆ. ನನ್ನದು ಹೆಚ್ಚಾಗಿ ಸ್ಟಾರ್ಟಪ್ ಕೆಲಸ. ಹೂಡಿಕೆ ಒಪ್ಪಂದ, ಷೇರುದಾರರ ಒಪ್ಪಂದ, ಇಸಾಪ್ (ನೌಕರರಿಗೆ ಷೇರು ಕೊಡುವ ಯೋಜನೆ), ಇಂಥವು. ಎರಡು ವರ್ಷದಿಂದ ಐಪಿಒಗೆ, ಅಂದರೆ ಮೊದಲ ಸಲ ಸಾರ್ವಜನಿಕರಿಗೆ ಷೇರು ಮಾರಲು, ತಯಾರಾಗುವ ಕಂಪನಿಗಳೂ ಬರುತ್ತಿವೆ.

ಎರಡು ತಿಂಗಳ ಹಿಂದೆ ಒಂದು ದೊಡ್ಡ ಫರ್ಮ್ ಪರವಾಗಿ ರಿಕ್ರೂಟರ್ ಫೋನ್ ಮಾಡಿದರು. ಲ್ಯಾಟರಲ್ ಪಾರ್ಟ್‌ನರ್ ಆಗಿ, ಅಂದರೆ ಇನ್ನೊಂದು ಫರ್ಮ್‌ನಿಂದ ನೇರವಾಗಿ ಪಾರ್ಟ್‌ನರ್ ಆಗಿ ಬನ್ನಿ ಅಂದರು. ಮೂರು ಸಲ ಮಾತುಕತೆ ಆಗಿದೆ. ಅವರು ಹೇಳುವ ಹಣ ನನ್ನ ಈಗಿನ ಆದಾಯದ ಹೆಚ್ಚುಕಡಿಮೆ ಎರಡು ಪಟ್ಟು. ಮನೆಯಲ್ಲಿ ಅತ್ತೆಯವರ ಚಿಕಿತ್ಸೆ ಇದೆ, ಮಗಳ ಓದು ಇದೆ. ಹಣ ಬೇಡ ಅನ್ನುವ ಸ್ಥಿತಿ ನನ್ನದಲ್ಲ.

ಆದರೆ ಒಂದು ವಿಷಯ ಮನಸ್ಸನ್ನು ಕೊರೆಯುತ್ತಿದೆ. ಅವರು ಕಳಿಸಿದ ಫಾರ್ಮ್‌ನಲ್ಲಿ ಹದಿನಾಲ್ಕು ಪುಟ ಇದೆ. ಮೂರು ವರ್ಷ ಎಷ್ಟು ಬಿಲ್ ಮಾಡಿದಿರಿ, ಎಷ್ಟು ವಸೂಲಾಯಿತು, ಯಾವ ಕ್ಲೈಂಟ್ ನಿಮ್ಮ ಹಿಂದೆ ಬರುತ್ತಾರೆ, ಮುಂದಿನ ಮೂರು ವರ್ಷದ ಪ್ಲ್ಯಾನ್ ಏನು. ಒಂದೊಂದು ಕ್ಲೈಂಟ್‌ಗೂ ಒಂದು ಸಾಲು. ನನ್ನ ಟೀಮ್ ಬಗ್ಗೆ ಇರುವುದು ಒಂದೇ ಪ್ರಶ್ನೆ: ಜೊತೆಗೆ ಬರುವವರು ಎಷ್ಟು ಜನ? ಐದು ಅಂತ ಬರೆದೆ. ಇಬ್ಬರನ್ನು ತೆಗೆದುಕೊಳ್ಳಬಹುದು ಅಂತ ಉತ್ತರ ಬಂತು.

ಆ ಬಿಲ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಗಂಟೆ ಆ ಐದು ಜನರದ್ದು. ರಾತ್ರಿ ಎರಡು ಗಂಟೆಗೆ ಡ್ಯೂ ಡಿಲಿಜೆನ್ಸ್ (ಡೀಲ್‌ಗೆ ಮುಂಚೆ ಕಂಪನಿಯ ದಾಖಲೆಗಳ ತಪಾಸಣೆ) ರಿಪೋರ್ಟ್ ಮುಗಿಸಿದವರು ಅವರು. ಒಬ್ಬಳು ಹಾಸನದಿಂದ ಬಂದವಳು, ಮನೆಯಲ್ಲಿ ಅವಳೇ ಮೊದಲ ವಕೀಲೆ. ಇನ್ನೊಬ್ಬನಿಗೆ ಹೋದ ತಿಂಗಳು ಮಗು ಆಯಿತು.

ಹೀಗೆ ಫರ್ಮ್ ಬದಲಿಸಿದವರು, ಬದಲಿಸದೆ ಉಳಿದವರು, ಇಬ್ಬರೂ ಹೇಳಿ. ನೀವು ಏನು ಕೇಳಿದಿರಿ? ಏನು ಕೇಳದೆ ಬಿಟ್ಟಿರಿ?

ನೇಮಕಾತಿ ಕೆಲಸದವ

ಮೇಡಂ, ನಾನು ಇದೇ ಕೆಲಸ ಮಾಡುವವನು. ನಿಮಗೆ ಫೋನ್ ಮಾಡಿದವನು ನಾನಲ್ಲ. ಆದರೆ ಆ ಫಾರ್ಮ್ ನನಗೆ ಚೆನ್ನಾಗಿ ಗೊತ್ತು.

ಈಗ ಬೆಂಗಳೂರಿನಲ್ಲಿ ಯಾಕೆ ಇಷ್ಟು ಕರೆ ಬರುತ್ತಿವೆ ಅಂತ ಮೊದಲು ಹೇಳುತ್ತೇನೆ. 2015ರಲ್ಲಿ ಅಮರ್‌ಚಂದ್ ಮಂಗಳದಾಸ್ ಫರ್ಮ್ ಅಣ್ಣತಮ್ಮಂದಿರ ನಡುವೆ ಎರಡಾಯಿತು. ಶಾರ್ದೂಲ್ ಅಮರ್‌ಚಂದ್ ಒಂದು, ಸಿರಿಲ್ ಅಮರ್‌ಚಂದ್ ಇನ್ನೊಂದು. ಅಲ್ಲಿಯ ತನಕ ಪಾರ್ಟ್‌ನರ್ ಅಂದರೆ ಒಂದೇ ಕಡೆ ಕೂದಲು ಹಣ್ಣಾಗುವವರು ಅನ್ನುವ ಭಾವನೆ ಇತ್ತು. ಆಮೇಲೆ ಅದು ಸಡಿಲವಾಗುತ್ತಾ ಹೋದದ್ದನ್ನು ನಾನೇ ನೋಡಿದ್ದೇನೆ.

ಈಗ ಐಪಿಒ ಕೆಲಸ ನೋಡಿ. 2024ರ ಆಗಸ್ಟ್‌ನಲ್ಲಿ ಓಲಾ ಎಲೆಕ್ಟ್ರಿಕ್, ನವೆಂಬರ್‌ನಲ್ಲಿ ಸ್ವಿಗ್ಗಿ, 2025ರ ಮೇನಲ್ಲಿ ಏಥರ್, ನವೆಂಬರ್‌ನಲ್ಲಿ ಗ್ರೋ, ಡಿಸೆಂಬರ್‌ನಲ್ಲಿ ಮೀಶೋ. ಎಲ್ಲ ಬೆಂಗಳೂರಿನ ಕಂಪನಿಗಳು. ಮೊದಲೆಲ್ಲ ಈ ಕೆಲಸಕ್ಕೆ ಮುಂಬೈ ವಕೀಲರು ವಿಮಾನ ಹತ್ತಿ ಬರುತ್ತಿದ್ದರು. ಈಗ ಕಂಪನಿಯ ಸ್ಥಾಪಕರನ್ನು ಮೊದಲಿನಿಂದ ಬಲ್ಲವರು ಇಲ್ಲೇ ಇರಲಿ ಅನ್ನುತ್ತಾರೆ. ನೀವು ಅಂಥವರು.

ಇನ್ನೊಂದು ಮುಖ್ಯ ಕಾರಣ ಇದೆ. ಬಾರ್ ಕೌನ್ಸಿಲ್‌ನ 36ನೇ ನಿಯಮದ ಪ್ರಕಾರ ವಕೀಲರು ಜಾಹೀರಾತು ಕೊಡುವ ಹಾಗಿಲ್ಲ. ವಕೀಲರಲ್ಲದವರ ಜೊತೆ ಫೀಸ್ ಹಂಚಿಕೊಳ್ಳುವ ಹಾಗೂ ಇಲ್ಲ. ಅಂದರೆ ಹೊರಗಿನ ಹೂಡಿಕೆದಾರರು ಬಂದು ಫರ್ಮ್‌ಗೆ ಹಣ ಹಾಕಲು ಆಗುವುದಿಲ್ಲ. ಬೇಗ ಬೆಳೆಯಬೇಕು ಅಂದರೆ ಇನ್ನೊಂದು ಕಡೆಯ ಪಾರ್ಟ್‌ನರ್ ಅನ್ನು ಕ್ಲೈಂಟ್ ಸಮೇತ ಕರೆತರುವುದೇ ದಾರಿ.

ಒಂದು ಸತ್ಯ ಹೇಳುತ್ತೇನೆ. ಯಾರಾದರೂ 5 ಕೋಟಿಯ ಕೆಲಸ ತರುತ್ತೇನೆ ಅಂತ ಬರೆದರೆ ಫರ್ಮ್‌ನವರು ಮನಸ್ಸಿನಲ್ಲಿ ಅರ್ಧ ಅಂತಲೇ ಓದುತ್ತಾರೆ. ನೀವು ಬರೆದ ಅಂಕಿಯನ್ನೇ ಎರಡನೇ ವರ್ಷ ನಿಮ್ಮ ಮುಂದೆ ಇಡುತ್ತಾರೆ. ಅದಕ್ಕೇ ಕಡಿಮೆ ಬರೆಯಿರಿ. ಫಾರ್ಮ್ ಕಳಿಸಿದ್ದರೆ ವಾಪಸ್ ತೆಗೆದುಕೊಂಡು ತಿದ್ದಿ.

ಮಲ್ಲೇಶ್ವರಂ ಎಂಟನೇ ಕ್ರಾಸ್

ನಾನು ಹೋಗಿ, ಮೂರು ವರ್ಷ ಇದ್ದು, ಹೊರಗೆ ಬಂದವನು. ಫರ್ಮ್ ಹೆಸರು ಬೇಡ. ಅಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ನಾನು ಒಂದು ಪ್ರಶ್ನೆ ಕೇಳಲಿಲ್ಲ, ಅದು ಕಾನ್‌ಫ್ಲಿಕ್ಟ್, ಅಂದರೆ ಇಬ್ಬರು ಕ್ಲೈಂಟ್‌ಗಳ ಹಿತ ಒಂದಕ್ಕೊಂದು ಎದುರಾಗುವುದು.

ನನ್ನ ಕ್ಲೈಂಟ್‌ಗಳೂ ನಿಮ್ಮ ಥರದವರೇ, ಸ್ಟಾರ್ಟಪ್‌ಗಳು. ದೊಡ್ಡ ಫರ್ಮ್ ಯಾರ ಪರ ಕೆಲಸ ಮಾಡುತ್ತಿತ್ತು ಗೊತ್ತಾ? ಆ ಸ್ಟಾರ್ಟಪ್‌ಗಳಲ್ಲಿ ಹಣ ಹಾಕುವ ಫಂಡ್‌ಗಳ ಪರ. ಒಂದೇ ಮೇಜಿನ ಎರಡು ಕಡೆ ಒಂದೇ ಫರ್ಮ್ ಕೂರುವ ಹಾಗಿಲ್ಲ. ಫಂಡ್ ವರ್ಷಕ್ಕೆ ಹತ್ತು ಡೀಲ್ ಕೊಡುತ್ತದೆ, ನನ್ನ ಕಂಪನಿ ಎರಡು ವರ್ಷಕ್ಕೆ ಒಂದು. ಯಾರನ್ನು ಬಿಡುತ್ತಾರೆ ನೀವೇ ಹೇಳಿ. ಸೇರಿದ ಮೊದಲ ನಾಲ್ಕು ತಿಂಗಳಲ್ಲಿ ನನ್ನ ಹನ್ನೊಂದು ಕ್ಲೈಂಟ್‌ಗಳಲ್ಲಿ ಆರು ಜನರಿಗೆ ನಾನೇ ಫೋನ್ ಮಾಡಿ, ನಿಮ್ಮ ಕೆಲಸ ಮಾಡಲು ಆಗುವುದಿಲ್ಲ ಅಂತ ಹೇಳಬೇಕಾಯಿತು. ಒಬ್ಬರು ನನ್ನ ಮದುವೆಗೆ ಬಂದಿದ್ದವರು. ಅವರ ಮೊದಲ ಬಾಡಿಗೆ ಕರಾರು ಬರೆದುಕೊಟ್ಟವನೇ ನಾನು. ಆ ಫೋನ್ ಮಾಡುವ ಮುಂಚೆ ಕಬ್ಬನ್ ಪಾರ್ಕ್‌ನಲ್ಲಿ ಅರ್ಧ ಗಂಟೆ ಸುಮ್ನೆ ಕೂತಿದ್ದೆ.

ನನ್ನ ಪ್ಲ್ಯಾನ್‌ನಲ್ಲಿ ಬರೆದ ಅಂಕಿ ಮಾತ್ರ ಹಾಗೇ ಇತ್ತು. ಹಣದ ಭರವಸೆ ಒಂದು ವರ್ಷಕ್ಕಷ್ಟೇ. ಎರಡನೇ ವರ್ಷ ಕಡಿಮೆಯಾಯಿತು. ಮೂರನೇ ವರ್ಷ ನಾನೇ ಹೊರಟೆ.

ಕ್ಲೈಂಟ್ ಹೆಸರು ಮೊದಲೇ ಹೇಳುವ ಹಾಗಿಲ್ಲ, ಅದು ಗುಟ್ಟು ಅನ್ನುತ್ತಾರೆ. ಸರಿಯೇ. ಯಾವ ಕೆಲಸ, ಏನು ಸಲಹೆ ಅನ್ನುವುದು ಖಂಡಿತ ಹೇಳಬಾರದು. ಆದರೆ ಎದುರಿನಿಂದ ಕೇಳಬಹುದಲ್ವಾ? ನೀವು ಯಾವ ಫಂಡ್‌ಗಳಿಗೆ ಕಾಯಂ ವಕೀಲರು ಅಂತ ಅವರನ್ನು ಕೇಳಿ. ಅವರು ಕೊಟ್ಟ ಪಟ್ಟಿಯನ್ನು ಮನೆಯಲ್ಲಿ ಕೂತು ನಿಮ್ಮ ಕ್ಲೈಂಟ್‌ಗಳ ಷೇರುದಾರರ ಪಟ್ಟಿ ಜೊತೆ ನೀವೇ ಹೋಲಿಸಿ. ರಾಜೀನಾಮೆ ಕೊಡುವ ಮುಂಚೆ. ಕೊಟ್ಟ ಮೇಲೆ ಅಲ್ಲ.

ರಿಂಗ್ ರೋಡ್ ಇನ್‌ಹೌಸ್

ಕ್ಲೈಂಟ್ ಕಡೆಯಿಂದ ಹೇಳುತ್ತೇನೆ. ನಾನು ಬೆಳ್ಳಂದೂರಿನ ಒಂದು ಜಿಸಿಸಿಯಲ್ಲಿ (ವಿದೇಶಿ ಕಂಪನಿಯ ಇಲ್ಲಿನ ಕೇಂದ್ರ) ಕಾನೂನು ವಿಭಾಗ ನೋಡಿಕೊಳ್ಳುತ್ತೇನೆ.

ಪಾರ್ಟ್‌ನರ್ ಬದಲಾದರೆ ಕ್ಲೈಂಟ್ ಹಿಂದೆ ಹೋಗುತ್ತಾರೆ ಅನ್ನುವುದು ಸ್ಥಾಪಕರೇ ಎಲ್ಲ ನಿರ್ಧಾರ ಮಾಡುವ ಕಂಪನಿಯಲ್ಲಿ ನಿಜ. ನಮ್ಮಂಥ ಕಡೆ ಪ್ಯಾನೆಲ್, ಅಂದರೆ ಒಪ್ಪಿಗೆ ಪಡೆದ ಫರ್ಮ್‌ಗಳ ಪಟ್ಟಿ ಇದೆ. ಪ್ಯಾನೆಲ್‌ನಲ್ಲಿರುವುದು ಫರ್ಮ್ ಹೆಸರು, ವ್ಯಕ್ತಿ ಹೆಸರಲ್ಲ. ಹೊಸ ಫರ್ಮ್ ಸೇರಿಸಬೇಕಾದರೆ ಅಮೆರಿಕದ ಆಫೀಸ್ ಒಪ್ಪಬೇಕು, ವೆಂಡರ್ ಕೋಡ್ ಆಗಬೇಕು, ಮಾಹಿತಿ ಭದ್ರತೆಯ ಪ್ರಶ್ನಾವಳಿ ತುಂಬಿಸಬೇಕು. ನಮ್ಮಲ್ಲಿ ಒಂದು ಸಲ ಐದು ತಿಂಗಳು ಹಿಡಿಯಿತು. ಆ ಐದು ತಿಂಗಳು ಕೆಲಸ ನಿಲ್ಲುತ್ತದಾ? ಹಳೆ ಫರ್ಮ್‌ನಲ್ಲಿ ಉಳಿದ ಜೂನಿಯರ್ ಮಾಡುತ್ತಾರೆ. ಚೆನ್ನಾಗಿ ಮಾಡಿದರೆ ಕೆಲಸ ಅಲ್ಲೇ ಉಳಿಯುತ್ತದೆ.

ನಿಮ್ಮ ಐದು ಜನರ ವಿಷಯ ಬರೀ ಮನಸ್ಸಾಕ್ಷಿಯದ್ದಲ್ಲ ಮೇಡಂ. ನಾನು ದಿನಾ ಮಾತಾಡುವುದು ಪಾರ್ಟ್‌ನರ್ ಜೊತೆ ಅಲ್ಲ, ಸೀನಿಯರ್ ಅಸೋಸಿಯೇಟ್ ಜೊತೆ. ನಮ್ಮ ಹಳೆ ಕರಾರಿನ ಏಳನೇ ಕಲಂ ಯಾಕೆ ಹಾಗಿದೆ ಅಂತ ನೆನಪಿರುವುದು ಅವರಿಗೇ. ಐದರಲ್ಲಿ ಇಬ್ಬರು ಮಾತ್ರ ಬಂದರೆ, ನೀವು ಬಂದಿದ್ದೀರಿ ಅಂತ ನನಗೆ ಅನ್ನಿಸುವುದೇ ಇಲ್ಲ.

ದರ ಕೂಡ ನೋಡಿ. ದೊಡ್ಡ ಫರ್ಮ್‌ನ ಗಂಟೆ ದರ ನಿಮ್ಮ ಈಗಿನ ದರಕ್ಕಿಂತ ಬಹಳ ಜಾಸ್ತಿ ಇರುತ್ತದೆ. ಈಗಿರುವ ಕ್ಲೈಂಟ್‌ಗಳಿಗೆ ಹಳೆ ದರ ಕನಿಷ್ಠ ಎರಡು ವರ್ಷ ಇರಲಿ ಅಂತ ಬರೆಸಿಕೊಳ್ಳಿ.

ಬಸವನಗುಡಿ ವಕೀಲೆ

ಮಲ್ಲೇಶ್ವರಂ ಸರ್, ನಿಮ್ಮ ಬರಹ ಓದಿ ರಾತ್ರಿಯೇ ಕೂತು ಪಟ್ಟಿ ಮಾಡಿದೆ. ನನ್ನ ಎಂಟು ಮುಖ್ಯ ಕ್ಲೈಂಟ್‌ಗಳಲ್ಲಿ ಮೂರು ಕಂಪನಿಗಳಲ್ಲಿ ಒಂದೇ ಫಂಡ್ ಷೇರು ಹೊಂದಿದೆ. ಆ ಫಂಡ್ ಅವರ ಕ್ಲೈಂಟಾ ಅಂತ ಇವತ್ತೇ ಕೇಳುತ್ತೇನೆ. ಇಷ್ಟು ದಿನ ಈ ಯೋಚನೆಯೇ ಬಂದಿರಲಿಲ್ಲ.

ಅಠಾರಾ ಕಚೇರಿ ಮೆಟ್ಟಿಲು

ನೋಡಿ ಅಮ್ಮಾ, ನಾನು ಹೈಕೋರ್ಟಿನಲ್ಲಿ 34 ವರ್ಷದಿಂದ ಇದ್ದೇನೆ. ಫರ್ಮ್ ಕೆಲಸ ನನಗೆ ಗೊತ್ತಿಲ್ಲ. ಕಾನೂನು ಮಾತ್ರ ಹೇಳುತ್ತೇನೆ. ಯಾಕೆಂದರೆ ವಕೀಲರು ತಮ್ಮದೇ ಪಾರ್ಟ್‌ನರ್‌ಶಿಪ್ ಪತ್ರ ಓದುವುದಿಲ್ಲ.

ಮೊದಲು ನಿಮ್ಮದು ಪಾಲುದಾರಿಕೆ ಸಂಸ್ಥೆಯೋ ಎಲ್‌ಎಲ್‌ಪಿಯೋ (ಸೀಮಿತ ಹೊಣೆಯ ಪಾಲುದಾರಿಕೆ) ನೋಡಿ. ಪಾಲುದಾರಿಕೆ ಆದರೆ 1932ರ ಕಾಯ್ದೆಯ 36ನೇ ಸೆಕ್ಷನ್ ಓದಿ. ಹೊರಗೆ ಹೋದ ಪಾಲುದಾರರು ಅದೇ ವೃತ್ತಿ ಮಾಡಬಹುದು. ಆದರೆ ಪತ್ರದಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ ಹಳೆ ಸಂಸ್ಥೆಯ ಹೆಸರು ಬಳಸುವ ಹಾಗಿಲ್ಲ. ಹೊರಗೆ ಹೋಗುವ ಮುಂಚೆ ಅಲ್ಲಿ ವ್ಯವಹರಿಸುತ್ತಿದ್ದ ಗಿರಾಕಿಗಳನ್ನು ತಾವಾಗಿ ಹೋಗಿ ಕರೆಯುವ ಹಾಗೂ ಇಲ್ಲ. ಸಾಮಾನ್ಯವಾಗಿ ವೃತ್ತಿಗೆ ತಡೆ ಹಾಕುವ ಕರಾರು 1872ರ ಕರಾರು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಅನೂರ್ಜಿತ. ಪಾಲುದಾರರಿಗೆ ಮಾತ್ರ ಇಲ್ಲಿ ಒಂದು ವಿನಾಯಿತಿ ಇದೆ. ಇಷ್ಟು ಅವಧಿ, ಇಷ್ಟು ಪ್ರದೇಶ ಅಂತ ನ್ಯಾಯವಾದ ಮಿತಿ ಹಾಕಿದ್ದರೆ ಅದು ನಿಲ್ಲುತ್ತದೆ. ಎಲ್‌ಎಲ್‌ಪಿ ಆದರೆ ಈ ಕಾಯ್ದೆ ಅನ್ವಯ ಆಗುವುದಿಲ್ಲ, ನಿಮ್ಮ ಎಲ್‌ಎಲ್‌ಪಿ ಕರಾರಿನಲ್ಲಿ ಏನಿದೆಯೋ ಅದನ್ನು ನೋಡಬೇಕು.

ಕಕ್ಷಿದಾರನ ಹಕ್ಕು ಬೇರೆ. ಅವನು ಯಾವ ವಕೀಲರ ಹತ್ತಿರ ಬೇಕಾದರೂ ಹೋಗಬಹುದು. ಫೀಸ್ ಬಾಕಿ ಇದೆ ಅಂತ ಫೈಲ್ ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗಿಲ್ಲ ಅಂತ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಅದಕ್ಕೇ ಯಾರನ್ನೂ ಗುಟ್ಟಾಗಿ ಕರೆಯಬೇಡಿ. ಹಳೆ ಫರ್ಮ್ ಜೊತೆ ಕೂತು, ಇಬ್ಬರ ಸಹಿಯ ಒಂದೇ ಪತ್ರ ಕಕ್ಷಿದಾರರಿಗೆ ಕಳಿಸಿ. ಇಂಥವರು ಹೋಗುತ್ತಿದ್ದಾರೆ, ನಿಮ್ಮ ಫೈಲ್ ಎಲ್ಲಿರಬೇಕು ತಿಳಿಸಿ, ಅಷ್ಟೇ. ಕೋರ್ಟ್ ಕೇಸ್ ಇದ್ದರೆ ಎನ್‌ಒಸಿ, ಹೊಸ ವಕಾಲತ್ತು ಮರೆಯಬೇಡಿ.

ಇನ್ನೊಂದು. ಬಿಟ್ಟ ಮೇಲೆ ಸಾರ್ವಜನಿಕ ನೋಟಿಸ್ ಕೊಡುವ ತನಕ ಫರ್ಮ್‌ನ ಸಾಲಕ್ಕೆ ನಿಮ್ಮ ಹೊಣೆ ಮುಂದುವರಿಯಬಹುದು. ನೋಂದಣಿ ಆದ ಸಂಸ್ಥೆಯಾದರೆ ರಿಜಿಸ್ಟ್ರಾರ್‌ಗೆ ತಿಳಿಸಬೇಕು. ರಾಜ್ಯಪತ್ರದಲ್ಲೂ ಸ್ಥಳೀಯ ಭಾಷೆಯ ಒಂದು ಪತ್ರಿಕೆಯಲ್ಲೂ ಹಾಕಿಸಬೇಕು. ಇದನ್ನು ಮಾಡದೆ ಎಷ್ಟೋ ಜನ ಹೊರಟುಬಿಡುತ್ತಾರೆ.

ಇಂದಿರಾನಗರ ಡೀಲ್ಸ್

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಜೂನಿಯರ್‌ಗಳು ನಿಮಗಿಂತ ಬೇಗ ಕೆಲಸ ಬದಲಿಸುತ್ತಾರೆ. ನನ್ನ ಟೀಮ್‌ನಲ್ಲಿ ನಾಲ್ಕು ವರ್ಷದಲ್ಲಿ ಏಳು ಜನ ಬಂದು ಹೋದರು. ಅವರಿಗೋಸ್ಕರ ನೀವು ನಿಂತರೆ, ಆರು ತಿಂಗಳಾದ ಮೇಲೆ ಅವರೇ ಹೊರಡಬಹುದು. 17 ವರ್ಷ ದುಡಿದಿದ್ದೀರಿ. ಹೆಂಗಸರಿಗೆ ಇಂಥ ಕರೆ ಎರಡು ಸಲ ಬರುವುದು ಕಡಿಮೆ. ಹೋಗಿ.

ಡಿಲಿಜೆನ್ಸ್ ಜೂನಿಯರ್

ಮೇಲಿನವರಿಗೆ ಉತ್ತರ. ಸರ್, ನಾನು ಅಂಥ ಜೂನಿಯರ್. ಆರು ವರ್ಷ ಆಯಿತು.

ನನ್ನ ಪಾರ್ಟ್‌ನರ್ ಎರಡು ವರ್ಷದ ಹಿಂದೆ ಫರ್ಮ್ ಬದಲಿಸಿದರು. ನಮಗೆ ಗೊತ್ತಾಗಿದ್ದು ಸೋಮವಾರ ಬೆಳಗ್ಗೆ, ಎಲ್ಲರಿಗೂ ಬಂದ ಇಮೇಲ್‌ನಿಂದ. ಹಿಂದಿನ ಶುಕ್ರವಾರ ರಾತ್ರಿ ಹನ್ನೆರಡರವರೆಗೆ ಅವರ ಜೊತೆ ಕೂತು ಕೆಲಸ ಮಾಡಿದ್ದೆ. ನಾಲ್ಕು ಜನರಲ್ಲಿ ಇಬ್ಬರನ್ನು ಕರೆದುಕೊಂಡು ಹೋದರು. ಇಬ್ಬರೂ ಇಂಗ್ಲಿಷ್ ನನಗಿಂತ ಚೆನ್ನಾಗಿ ಮಾತಾಡುವವರು. ಅದು ಕಾರಣ ಅಂತ ಯಾರೂ ಹೇಳಲಿಲ್ಲ. ನನಗೆ ಹಾಗೆ ಅನ್ನಿಸಿತು. ಉಳಿದ ನಮ್ಮಿಬ್ಬರನ್ನು ಬೇರೆ ಪಾರ್ಟ್‌ನರ್ ಟೀಮ್‌ಗೆ ಹಾಕಿದರು. ಅಲ್ಲಿ ನಾವು ಹೋದವರ ಕಡೆಯವರು ಅನ್ನುವ ಭಾವನೆ ಇತ್ತು. ಆ ವರ್ಷ ನನ್ನ ಬಡ್ತಿ ಆಗಲಿಲ್ಲ.

ಅವರು ಹೋದರಲ್ಲ ಅಂತ ನನಗೆ ಕೋಪ ಇಲ್ಲ. ಒಳ್ಳೆ ಅವಕಾಶ ಬಿಡಬೇಕು ಅಂತ ಯಾರೂ ಹೇಳುವುದಿಲ್ಲ. ಮೊದಲೇ ಕರೆದು ಒಂದು ಮಾತು ಹೇಳಿದ್ದರೆ ನಾನೂ ನಾಲ್ಕು ಕಡೆ ವಿಚಾರಿಸುತ್ತಿದ್ದೆ. ಮನೆ ಲೀಸ್ ಮುಂದುವರಿಸುತ್ತಿರಲಿಲ್ಲ.

ಮೇಡಂ, ಹಾಸನದ ಆ ಹುಡುಗಿಗೆ ದಯವಿಟ್ಟು ಹೇಳಿ. ನಿಮ್ಮ ಬಾಯಿಂದಲೇ ಕೇಳಲಿ.

ಇಂದಿರಾನಗರ ಡೀಲ್ಸ್

ಓದಿದೆ. ನಿಮ್ಮ ಮಾತು ಒಪ್ಪುತ್ತೇನೆ. ನನ್ನ ಟೀಮ್‌ನಿಂದ ಹೋದ ಏಳು ಜನ ಯಾಕೆ ಹೋದರು ಅಂತ ನಾನು ಕೇಳಿಯೇ ಇಲ್ಲ. ಕೇಳಬೇಕಿತ್ತು.

ಜಯನಗರ ಲೆಕ್ಕಪತ್ರ

ನಾನು ಸಿಎ. ಹಣದ ಕಡೆಯಿಂದ ಎರಡು ಮಾತು.

ಎರಡು ಪಟ್ಟು ಅಂದಿರಲ್ಲ, ಯಾವ ಹಣ ಅದು? ಲಾಭದ ಪಾಲೋ, ಸಂಭಾವನೆಯೋ? ಲಾಭದ ಪಾಲು ಆದರೆ ಫರ್ಮ್ ಮೊದಲೇ ಶೇ 30ರ ದರದಲ್ಲಿ ತೆರಿಗೆ ಕಟ್ಟಿರುತ್ತದೆ, ನಿಮ್ಮ ಕೈಯಲ್ಲಿ ಮತ್ತೆ ತೆರಿಗೆ ಇಲ್ಲ. ಸಂಭಾವನೆ ಆದರೆ ನೀವು ಕಟ್ಟಬೇಕು. 2025ರ ಏಪ್ರಿಲ್ 1ರಿಂದ ಪಾಲುದಾರರಿಗೆ ಕೊಡುವ ಸಂಬಳ, ಬೋನಸ್, ಕಮಿಷನ್, ಬಡ್ಡಿ ಎಲ್ಲ ಸೇರಿ ವರ್ಷಕ್ಕೆ 20,000 ರೂಪಾಯಿ ದಾಟಿದರೆ ಶೇ 10 ಟಿಡಿಎಸ್ ಕೂಡ ಹಿಡಿಯುತ್ತಾರೆ. ಒಂದೇ ಅಂಕಿ, ಕೈಗೆ ಬರುವಾಗ ಬಹಳ ವ್ಯತ್ಯಾಸ ಆಗುತ್ತದೆ.

ಈಕ್ವಿಟಿ ಪಾರ್ಟ್‌ನರ್ (ಫರ್ಮ್‌ನ ಮಾಲೀಕತ್ವದಲ್ಲಿ ಪಾಲು ಇರುವವರು) ಅಂತ ಕರೆದರೆ ಎಷ್ಟು ಬಂಡವಾಳ ಹಾಕಬೇಕು ಕೇಳಿ. ಹಳೆ ಫರ್ಮ್‌ನಲ್ಲಿರುವ ನಿಮ್ಮ ಬಂಡವಾಳ ಯಾವಾಗ ವಾಪಸ್ ಬರುತ್ತದೆ ಅಂತಲೂ ನೋಡಿ. ಅದು ಬರುವ ಮುಂಚೆ ಹೊಸದಕ್ಕೆ ಹಾಕಬೇಕಾದರೆ ಸಾಲ ಮಾಡಬೇಕಾಗುತ್ತದೆ. ಲೆಕ್ಕ ಚುಕ್ತಾ ಮಾಡದೆ ಹಳೆಯವರು ನಿಮ್ಮ ಹಣ ಇಟ್ಟುಕೊಂಡು ವ್ಯವಹಾರ ನಡೆಸಿದರೆ, ಪಾಲುದಾರಿಕೆ ಕಾಯ್ದೆಯ 37ನೇ ಸೆಕ್ಷನ್ ಪ್ರಕಾರ ಲಾಭದಲ್ಲಿ ಪಾಲು ಅಥವಾ ವರ್ಷಕ್ಕೆ ಶೇ 6 ಬಡ್ಡಿ ಕೇಳಬಹುದು. ಪತ್ರದಲ್ಲಿ ಬೇರೆ ಬರೆದಿದ್ದರೆ ಬೇರೆ ಮಾತು.

ಕೋರಮಂಗಲ 1ನೇ ಬ್ಲಾಕ್

ವಿದೇಶಿ ಫರ್ಮ್‌ಗಳು ಬಂದರೆ ಇನ್ನೂ ಒಳ್ಳೆ ಅವಕಾಶ ಬರಬಹುದಾ? ಕಾಯಬಹುದಾ?

ನೇಮಕಾತಿ ಕೆಲಸದವ

ಅದಕ್ಕೋಸ್ಕರ ಕಾಯುವುದು ಬೇಡ ಅಂತ ನನ್ನ ಅಭಿಪ್ರಾಯ. 2018ರ ಎ.ಕೆ. ಬಾಲಾಜಿ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ವಿದೇಶಿ ಫರ್ಮ್‌ಗಳು ಇಲ್ಲಿ ವೃತ್ತಿ ಮಾಡುವ ಹಾಗಿಲ್ಲ ಅಂದಿತು. 2023ರ ಮಾರ್ಚ್‌ನಲ್ಲಿ ಬಾರ್ ಕೌನ್ಸಿಲ್ ನೋಂದಣಿ ನಿಯಮ ತಂದಿತು, 2025ರ ಮೇನಲ್ಲಿ ತಿದ್ದುಪಡಿ ಮಾಡಿತು. ನೋಂದಣಿ ಮಾಡಿಸಿಕೊಂಡರೂ ಅವರು ವಿದೇಶಿ ಕಾನೂನಿನ ಸಲಹೆ, ಅಂತರರಾಷ್ಟ್ರೀಯ ಮಧ್ಯಸ್ಥಿಕೆ ಇಂಥ ಕೆಲಸವನ್ನಷ್ಟೇ ಮಾಡಬಹುದು. ಭಾರತದ ಕಾನೂನಿನ ಕೆಲಸ ಮಾಡುವ ಹಾಗಿಲ್ಲ. ಮೇಡಂ ಕೆಲಸ ಪೂರ್ತಿ ಭಾರತದ ಕಾನೂನು.

ಲಂಡನ್‌ನಿಂದ ವಾಪಸ್

ವಿದೇಶದ ಮಾತು ಬಂತಲ್ಲ, ಒಂದು ವಿಷಯ ನೆನಪಾಯಿತು. ನ್ಯೂಯಾರ್ಕ್‌ನ ಡ್ಯೂಯಿ ಆಂಡ್ ಲೆಬಫ್ ಅನ್ನುವ ಫರ್ಮ್ 2012ರ ಮೇನಲ್ಲಿ ದಿವಾಳಿ ಆಯಿತು. ಸಾವಿರಕ್ಕೂ ಜಾಸ್ತಿ ವಕೀಲರಿದ್ದ ಫರ್ಮ್. ಕಾರಣಗಳಲ್ಲಿ ಮುಖ್ಯವಾದದ್ದು, ಹೊರಗಿನಿಂದ ಕರೆತಂದವರಿಗೂ ದೊಡ್ಡ ಪಾರ್ಟ್‌ನರ್‌ಗಳಿಗೂ ಲಾಭ ಬರಲಿ ಬಿಡಲಿ ಇಷ್ಟು ಕೊಡುತ್ತೇವೆ ಅಂತ ಬರೆದುಕೊಟ್ಟ ಭರವಸೆ. ಆ ಹಣ ಆಕಾಶದಿಂದ ಬರುವುದಿಲ್ಲ. ಒಳಗೆ ಮೊದಲಿನಿಂದ ಇರುವವರ ಪಾಲಿನಿಂದ ಬರುತ್ತದೆ.

ಅದಕ್ಕೇ ಮೇಡಂ, ನಿಮ್ಮ ಭರವಸೆಯ ಹಣ ಯಾರ ಪಾಲಿನಿಂದ ಬರುತ್ತದೆ ಅಂತ ಕೇಳಿ. ಅಲ್ಲಿ ಈಗಾಗಲೇ ಸ್ಟಾರ್ಟಪ್ ಕೆಲಸ ಮಾಡುವ ಪಾರ್ಟ್‌ನರ್ ಇದ್ದಾರಾ? ಇದ್ದರೆ ಅವರ ಜೊತೆ ಒಂದು ಸಲ ಕಾಫಿಗೆ ಹೋಗಿ. ನೀವು ಬರುವುದು ಅವರಿಗೆ ಇಷ್ಟವೋ ಇಲ್ಲವೋ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಕಳೆದ ಮೂರು ವರ್ಷದಲ್ಲಿ ಅಲ್ಲಿಗೆ ಲ್ಯಾಟರಲ್ ಆಗಿ ಬಂದವರಲ್ಲಿ ಎಷ್ಟು ಜನ ಇನ್ನೂ ಇದ್ದಾರೆ, ಅದನ್ನೂ ಕೇಳಿ. ಹೋದವರ ಜೊತೆ ಮಾತಾಡಿ.

ಬಸವನಗುಡಿ ವಕೀಲೆ

ಮೂರು ವಾರ ಆಯಿತು, ಏನಾಯಿತು ಅಂತ ಹೇಳಬೇಕಲ್ವಾ.

ಆ ಫಂಡ್ ಅವರ ಕ್ಲೈಂಟೇ. ಅಂದರೆ ಮೂರು ಕಂಪನಿಗಳು ನನ್ನ ಜೊತೆ ಬರಲು ಆಗುವುದಿಲ್ಲ. ಫಾರ್ಮ್ ವಾಪಸ್ ತೆಗೆದುಕೊಂಡು ಅಂಕಿ ತಿದ್ದಿ ಕಳಿಸಿದೆ. ಹಣ ಎರಡು ಪಟ್ಟು ಇದ್ದದ್ದು ಒಂದೂವರೆ ಪಟ್ಟಿಗೆ ಇಳಿಯಿತು. ಅದರಲ್ಲೂ ದೊಡ್ಡ ಭಾಗ ಸಂಭಾವನೆ ಅಂತ ಗೊತ್ತಾಯಿತು. ಜಯನಗರದವರಿಗೆ ಧನ್ಯವಾದ.

ಐದು ಜನರನ್ನೂ ಕರೆದು ಹೇಳಿದೆ. ಆಫೀಸಿನಲ್ಲಿ ಅಲ್ಲ, ನಮ್ಮ ಮನೆಯಲ್ಲಿ, ಭಾನುವಾರ ಮಧ್ಯಾಹ್ನ ಊಟಕ್ಕೆ. ಅದಕ್ಕೆ ಮುಂಚೆ ನಮ್ಮ ಮ್ಯಾನೇಜಿಂಗ್ ಪಾರ್ಟ್‌ನರ್‌ಗೂ ಹೇಳಿದ್ದೆ, ಮುಚ್ಚಿಡಬಾರದು ಅಂತ. ಅವರಿಗೆ ನೋವಾಯಿತು. ಆದರೂ ಜಂಟಿ ಪತ್ರಕ್ಕೆ ಒಪ್ಪಿದ್ದಾರೆ.

ಹಾಸನದ ಹುಡುಗಿ ಬರುವುದಿಲ್ಲ ಅಂದಳು. ನಾನು ಇಲ್ಲೇ ಬಿಟ್ಟುಹೋಗುವ ಮೂರು ಕ್ಲೈಂಟ್‌ಗಳ ಕೆಲಸವನ್ನು ಅವಳೇ ನೋಡಿಕೊಳ್ಳುತ್ತಾಳಂತೆ. ಅದನ್ನು ಅವಳ ಹೆಸರಿಗೇ ಬರೆಯಬೇಕು ಅಂತ ನಾನು ಹಟ ಹಿಡಿದೆ, ಈಗಿನ ಫರ್ಮ್‌ನವರು ಒಪ್ಪಿದರು. ಉಳಿದ ನಾಲ್ವರೂ ನನ್ನ ಜೊತೆ ಬರುವುದಾದರೆ ಮಾತ್ರ ಸಹಿ ಅಂತ ಹೊಸ ಫರ್ಮ್‌ಗೆ ಹೇಳಿದೆ. ಮೊನ್ನೆ ಮೂವರಿಗೆ ನೇಮಕಾತಿ ಪತ್ರ ಬಂತು. ಮಗು ಆದವನದ್ದು ಇನ್ನೂ ಬಂದಿಲ್ಲ. ಅದು ಬರುವ ತನಕ ನನ್ನ ಪತ್ರ ಮೇಜಿನ ಖಾನೆಯಲ್ಲೇ ಇರುತ್ತದೆ.

ಅಠಾರಾ ಕಚೇರಿಯವರೇ, ಒಂದು ಸಣ್ಣ ಪ್ರಶ್ನೆ. ಪತ್ರಿಕೆ ನೋಟಿಸ್ ಕನ್ನಡದಲ್ಲಿ ಕೊಡಬೇಕಲ್ಲ, ಅದರ ನಮೂನೆ ಇದೆಯಾ?

ಅಠಾರಾ ಕಚೇರಿ ಮೆಟ್ಟಿಲು

ಇದೆ ಅಮ್ಮಾ. ನಾಲ್ಕು ಸಾಲು, ಸಂಸ್ಥೆಯ ಹೆಸರು, ನೀವು ನಿವೃತ್ತರಾದ ತಾರೀಖು. ಆ ನಾಲ್ಕನೆಯವನ ಪತ್ರ ಬಂದ ದಿನ ಹೇಳಿ, ಕಳಿಸುತ್ತೇನೆ.